ಕೆಳಗಿನ ಮನೆಯ ಶಾಖ

ಬೆಹಿಜೆ ಸ್ಟೂಲಿನ ಮೇಲೆ ಹತ್ತಿ ನಿಂತು, ಅಡುಗೆಮನೆಯ ಗೋಡೆಗೆ ತೂಗುಬಿದ್ದ, ಮನೆಯನ್ನು ಬೆಚ್ಚಗಿಡುವ ಬಾಯ್ಲರಿನ ಗುಂಡಿಯನ್ನು ಒಂಬತ್ತನೇ ಸಲ ಒತ್ತಿದಳು. ಒಳಗೆ ಟಿಕ್ ಟಿಕ್ ಎಂದು ಸದ್ದಾಯಿತು, ಬುಸ್ಸೆಂದು ಗ್ಯಾಸು ಹತ್ತಿಕೊಂಡಿತು, ಸಣ್ಣ ಕಿಂಡಿಯಲ್ಲಿ ನೀಲಿ ಉರಿ ಕಂಡಿತು.

“ಹಾಂ, ನನ್ನಪ್ಪ ಅಲ್ವಾ, ಹಾಗೇ ಇರು,” ಎಂದು ರಚ್ಚೆ ಹಿಡಿದ ಮಗುವನ್ನು ರಮಿಸುವಂತೆ ರಮಿಸಿದಳು.

ಇಪ್ಪತ್ತು ಎಣಿಸುವುದರೊಳಗೆ ಉರಿ ಆರಿತು. ಕೆಂಪು ದೀಪ ಮಿಟುಕತೊಡಗಿತು.

“ಹಾಳಾಗಿ ಹೋಗು!”

ಹಜಾರದ ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಒಂಬತ್ತಕ್ಕೆ ಊರ ಕಡೆಯಿಂದ ಏಳೆಂಟು ಹೆಂಗಸರು ಈ ಮನೆಗೆ ಬಂದು ಕೂರುವವರಿದ್ದರು. ಕೆಳಗಿನ ಮನೆಯ ಬಾಯ್ಲರ್ ಮೇಸ್ತ್ರಿ, ಎಲ್ಲರ ಬಾಯಲ್ಲೂ ರಿಫ್ಕಿ ಉಸ್ತಾ, ನಿನ್ನೆ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಅವನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಸಾವಿನ ಮನೆಯವರು ಒಲೆ ಹಚ್ಚಬಾರದು, ನೆಂಟರಿಗೆ ನೆರೆಯವರ ಬಾಗಿಲು ತೆರೆದಿರಬೇಕು, ಇದು ಈ ಕೈಸೇರಿ ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಉಸ್ತಾನ ಹೆಂಡತಿ ಗುಲಿಜಾರ್ ಬಾಯಿ ತೆರೆಯುವ ಮೊದಲೇ ಬೆಹಿಜೆ, “ಎಲ್ಲರನ್ನೂ ನಮ್ಮನೆಗೆ ಕಳಿಸು, ನಮ್ಮನೆ ಬೆಚ್ಚಗಿದೆ,” ಎಂದುಬಿಟ್ಟಿದ್ದಳು. ಮೂರು ವರ್ಷದಿಂದ ಹೇಳಿ ಹೇಳಿ ಆ ಸುಳ್ಳು ನಾಲಿಗೆಯ ತುದಿಯಲ್ಲೇ ಮನೆ ಮಾಡಿಕೊಂಡಿತ್ತು.

ಅರವತ್ತಮೂರು ವರ್ಷದ ಬೆಹಿಜೆ ಸ್ಟೂಲಿನಿಂದ ಇಳಿದು, ಉಸ್ತಾ ಇಡೀ ಕಟ್ಟಡದ ಹೆಂಗಸರಿಗೆ ಕಲಿಸಿದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಮೊದಲು ನೀರಿನ ಒತ್ತಡ ತೋರಿಸುವ ಮುಳ್ಳು ನೋಡಬೇಕು. ಅದು ಒಂದೂವರೆಯ ಹತ್ತಿರ ಇತ್ತು, ಸರಿಯೇ. ಆಮೇಲೆ ಕೊಳವೆ ಮುಟ್ಟಬೇಕು. ಬಾಯ್ಲರಿನ ಬುಡದ ಕೊಳವೆ ಕೈ ಸುಡುವಷ್ಟು ಬಿಸಿ, ಆ ಬಿಸಿನೀರು ಹರಿದು ಹಜಾರವನ್ನು ಕಾಯಿಸಬೇಕಾದ ರೇಡಿಯೇಟರ್ ಬಾವಿಕಲ್ಲಿನಷ್ಟು ತಣ್ಣಗೆ. ಹಾಗಾದರೆ ಏನರ್ಥ? ಅಲ್ಲಿಗೆ ಅವಳ ವಿದ್ಯೆ ಮುಗಿಯಿತು. ಮುಂದಿನದಕ್ಕೆ ಉಸ್ತಾಗೆ ಫೋನು ಮಾಡಬೇಕಿತ್ತು. “ಫೋನನ್ನ ಅದರ ಹೊಟ್ಟೆಗೆ ಹಿಡಿ ತಂಗಿ,” ಎನ್ನುತ್ತಿದ್ದ. ಗಳಿಗೆ ಹೊತ್ತು ಕಿವಿಗೊಟ್ಟು ರೋಗ ಹೇಳಿಬಿಡುತ್ತಿದ್ದ. ಇಡೀ ಕೇರಿಯ ಬಾಯ್ಲರುಗಳ ಕೆಮ್ಮು, ನರಳಾಟ, ಗೊರಕೆಯೆಲ್ಲ ಅವನಿಗೆ ಗೊತ್ತಿತ್ತು. ಈಗ ಮಸೀದಿಯ ಹಿಂದಿನ ಕೋಣೆಯಲ್ಲಿ ಅವನ ಮೈ ತೊಳೆಯುತ್ತಿದ್ದರು.

ಹತ್ತು ದಿನದಿಂದ ಮನೆ ಹೀಗೆ ಹೆಪ್ಪುಗಟ್ಟಿತ್ತು. ಉಸ್ತಾನನ್ನು ಆಸ್ಪತ್ರೆಗೆ ಒಯ್ದಂದಿನಿಂದ ಕೆಳಗಿನಿಂದ ಪೊರಕೆ ಹಿಡಿಯ ಸದ್ದೂ ಇರಲಿಲ್ಲ. ಗುಲಿಜಾರ್ ಪೊರಕೆ ಹಿಡಿಯಿಂದ ಮಾಳಿಗೆಗೆ ಎರಡು ಸಲ ಕುಟ್ಟಿದರೆ ಚಹಾ ಸಿದ್ಧ, ಕೆಳಗೆ ಬಾ ಎಂದರ್ಥ. ಬೆಹಿಜೆ ಹಿಮ್ಮಡಿಯಿಂದ ನೆಲಕ್ಕೆ ಎರಡು ಬಡಿದರೆ ಇಲ್ಲಿ ಸಿದ್ಧ, ನೀನೇ ಬಾ ಎಂದು. ಕೇಳಿಸಿಕೊಂಡವಳು ತಿರುಗಿ ಎರಡು ಬಡಿದರೆ, ಬಂದೆ ಎಂದು. ಇಪ್ಪತ್ತಾರು ವರ್ಷದಿಂದ ಅವರಿಬ್ಬರ ನಡುವೆ ನಡೆದು ಬಂದ ತಂತಿ ಅದು.

*

ಶುರುವಾದದ್ದು ಕೆಟ್ಟ ಮನಸ್ಸಿನಿಂದಲ್ಲ.

ಬೆಹಿಜೆ ಮೂವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ದುಡಿದವಳು, ಮದುವೆ ಬೇಡವೆಂದು ಬಿಟ್ಟವಳು, ಯಾರ ಹಂಗಿಗೂ ಬಿದ್ದವಳಲ್ಲ. ಪಕ್ಕದ ಮನೆಯಿಂದ ಒಂದು ಮೊಟ್ಟೆ ತಂದರೆ ಸಂಜೆಯೊಳಗೆ ಎರಡು ಮೊಟ್ಟೆ ಕೊಟ್ಟು ಬರುತ್ತಿದ್ದಳು. ನಿವೃತ್ತಳಾದ ವರ್ಷದ ನವೆಂಬರಿನಲ್ಲಿ ಬಾಯ್ಲರ್ ಆರಿಸಿ ತಂಗಿಯ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಬಾಗಿಲು ತೆರೆದರೆ ಮನೆ ಬೆಚ್ಚಗಿತ್ತು. ಆರಿಸುವುದನ್ನು ಮರೆತೆನೇನೋ ಎಂದು ಓಡಿಹೋಗಿ ನೋಡಿದಳು. ಇಲ್ಲ, ಆರಿಸಿಯೇ ಇತ್ತು. ಕೆಳಗಿನ ಮನೆಯ ಶಾಖ ನೆಲದೊಳಗಿಂದ ಹತ್ತಿ ಬಂದು ಅವಳ ಕೋಣೆಗಳನ್ನು ತುಂಬಿತ್ತು.

ನಾಳೆ ಹಚ್ಚಿದರಾಯಿತು ಅಂದುಕೊಂಡಳು. ಮರುದಿನ, ಶುಕ್ರವಾರ ಹಚ್ಚಿದರಾಯಿತು ಅಂದುಕೊಂಡಳು. ಸ್ನಾನಕ್ಕೆ ಗ್ಯಾಸ್ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿದಳು. ನೋಡನೋಡುತ್ತ ಚಳಿಗಾಲ ಕಳೆದುಹೋಯಿತು. ಪಿಂಚಣಿಯಲ್ಲಿ ಉಳಿದದ್ದು ತಂಗಿಯ ಮಗಳ ಓದಿಗೆ ಹೋಯಿತು. ಎರಡನೇ ವರ್ಷವೂ ಹಾಗೇ. ಮೂರನೇ ವರ್ಷಕ್ಕೆ ಬಾಯ್ಲರಿನ ಮೇಲೆ ಕಸೂತಿ ಬಟ್ಟೆ ಹೊದಿಸಿಟ್ಟಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅದೇ ವರ್ಷ ಕಟ್ಟಡದವರ ಸಭೆಯಲ್ಲಿ ಮೂರನೇ ಮಹಡಿಯ ಬೆದ್ರಿ ಮೇಷ್ಟ್ರು ಬಾಯ್ಲರ್ ಹಚ್ಚುವುದಿಲ್ಲ ಎಂಬ ಮಾತು ಬಂತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತೆ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಬೆಹಿಜೆ.

“ನಾಚಿಕೆಯಾಗಬೇಕು ಮೇಷ್ಟ್ರೇ! ನೆರೆಯವರ ಉರಿಯಲ್ಲಿ ಮೈ ಕಾಯಿಸಿಕೊಳ್ಳೋದು ನೆರೆಯವರ ಹಕ್ಕು ನುಂಗಿದ ಹಾಗೆ. ದೇವರು ತನ್ನ ಹಕ್ಕಾದರೆ ಮನ್ನಿಸ್ತಾನೆ, ಮನುಷ್ಯರ ಹಕ್ಕು ಮನ್ನಿಸಲ್ಲ. ಕಡೇ ದಿನ ನಿಮ್ಮ ಕಾಲರ್ ಹಿಡೀತಾರೆ, ನೋಡ್ತಾ ಇರಿ!”

ಮೇಷ್ಟ್ರು ಕೆಂಪಗಾಗಿ ಮರುದಿನವೇ ಬಾಯ್ಲರ್ ಹಚ್ಚಿದರು. ಎಲ್ಲರೂ ತಲೆದೂಗಿದರು. ರಿಫ್ಕಿ ಉಸ್ತಾ ಮಾತ್ರ ಚಹಾದ ಗ್ಲಾಸಿನೊಳಗೆ ನೋಡುತ್ತ ಕೂತಿದ್ದ. ಸಕ್ಕರೆ ಯಾವಾಗಲೋ ಕರಗಿಹೋಗಿತ್ತು, ಆದರೂ ಚಮಚ ತಿರುಗಿಸುತ್ತಲೇ ಇದ್ದ.

*

“ಇದೇನವ್ವಾ, ಮನೆಯೋ ಮಂಜಿನ ಗವಿಯೋ?”

ಹೀಗೆಂದವಳು ಉಸ್ತಾನ ಹಿರಿಯಕ್ಕ ದೋಂದು. ಎಂಬತ್ತು ದಾಟಿದ್ದರೂ ದನಿ ಇನ್ನೂ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವಂಥದ್ದು. ಕೋಟು ಬಿಚ್ಚಿರಲಿಲ್ಲ. ಉಳಿದ ಏಳು ಹೆಂಗಸರೂ ಬಿಚ್ಚಿರಲಿಲ್ಲ. ಸೋಫಾದ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು, ಬಾಯಲ್ಲಿ ಹಬೆ ಬಿಡುತ್ತ ಕುರಾನಿನ ಸಾಲುಗಳನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದರು.

“ಇವತ್ತು ಬೆಳಿಗ್ಗೇನೇ ಕೆಟ್ಟಿತು ಅತ್ತೆ,” ಎಂದಳು ಬೆಹಿಜೆ. “ಇನ್ನೊಂದು ಚಹಾ ಕೊಡ್ಲಾ?”

“ಇದು ಐದನೇದು. ಕುಡಿಯಾಕಲ್ಲ ಕಣವ್ವ, ಕೈ ಕಾಯಿಸ್ಕೊಳ್ಳಾಕೆ ಹಿಡ್ಕೊಂಡಿವ್ನಿ. ಬಾಯ್ಲರ್ ರಿಪೇರಿ ಮಾಡೋನ ಸಾವಿಗೆ ಬಂದು ಚಳೀಲಿ ಸತ್ತರೆ ಊರೋರು ನಗಾಕಿಲ್ವ? ನನ್ನ ತಮ್ಮ ಇದ್ದಿದ್ರೆ...” ಎಂದವಳು ಅಲ್ಲಿಗೇ ನಿಲ್ಲಿಸಿ, ಮೂಗು ಒರೆಸಿಕೊಂಡು ಎದ್ದು ಕಿಟಕಿಯ ಬಳಿ ಹೋದಳು. ಕೆಳಗೆ ರಸ್ತೆಯಂಚಿನಲ್ಲಿ ಗಂಡಸರು ಗುಂಪಾಗಿ ನಿಂತಿದ್ದರು. “ಅಕಾ, ಅಲ್ಲಿ ನಿಂತಿರೋನು ನುಮಾನ್ ಅಲ್ವ? ಅವನೂ ಅದೇ ಕೆಲಸದೋನಲ್ವ?”

ಬೆಹಿಜೆ ದಡಕ್ಕನೆ ಕಿಟಕಿಯ ಬಳಿ ಬಂದಳು. “ಬೇಡ ಅತ್ತೆ! ಅವರಿಬ್ಬರಿಗೂ ಮಾತಿರಲಿಲ್ಲ. ಹನ್ನೊಂದು ವರ್ಷ ಆಯ್ತು.”

“ಸತ್ತೋನ ಜೊತೆ ಮಾತಿಲ್ಲದಿದ್ರೆ ಏನಂತೆ, ಇದ್ದೋರ ಜೊತೆ ಐತಲ್ಲ!” ಎಂದು ಮುದುಕಿ ಕಿಟಕಿ ತೆರೆದು, ಸತ್ತವರೂ ಎದ್ದು ಕೂರುವಂತೆ ಕೂಗಿದಳು. “ಏ ನುಮಾನ್! ಮೇಲಕ್ಕೆ ಬಾರೋ!”

ನುಮಾನ್ ಬಂದ. ಐವತ್ತೈದರ ಆಳು, ಅಗಲ ಹೆಗಲು, ಮೈಮೇಲೆ ಇಸ್ತ್ರಿ ಮಾಡಿದ ಕರಿ ಕೋಟು. ಒಂದು ಕಾಲಕ್ಕೆ ಅವನೂ ರಿಫ್ಕಿಯೂ ಒಂದೇ ಅಂಗಡಿ, ಒಂದೇ ಸ್ಕೂಟರು. ಯಾವುದೋ ಮನೆಯಲ್ಲಿ ನುಮಾನ್ ಬಿಡಿಭಾಗ ಬದಲಿಸಬೇಕು ಎಂದಾಗ ರಿಫ್ಕಿ ಮನೆಯವರ ಎದುರಿಗೇ, “ಒರೆಸಿದರೆ ಸಾಕು, ಬದಲಿಸೋದು ಬೇಡ,” ಎಂದಿದ್ದ. ಅಷ್ಟೇ ನಡೆದದ್ದು. ಅಲ್ಲಿಂದಾಚೆ ಇಬ್ಬರೂ ರಸ್ತೆಯಲ್ಲಿ ಎದುರಾದರೆ ಒಬ್ಬ ಮೋಡ ನೋಡುತ್ತಿದ್ದ, ಇನ್ನೊಬ್ಬ ಚರಂಡಿ ನೋಡುತ್ತಿದ್ದ.

“ಏನಾಗಿದೆ ಅಕ್ಕ?” ಎಂದ ನುಮಾನ್. ಕೋಟಿನ ಒಳಜೇಬಿನಿಂದ ಸ್ಕ್ರೂಡ್ರೈವರ್ ಹೊರಗೆ ಬಂತು. ಸಾವಿನ ಮನೆಗೂ ಅದನ್ನು ಬಿಟ್ಟು ಬಂದಿರಲಿಲ್ಲ.

ಬೆಹಿಜೆ ಅಡುಗೆಮನೆಯ ಬಾಗಿಲು ಮುಚ್ಚಿದಳು. “ಹತ್ತಿಕೊಳ್ಳುತ್ತೆ. ಇಪ್ಪತ್ತು ಎಣಿಸೋದ್ರೊಳಗೆ ಆರಿಹೋಗುತ್ತೆ. ಬುಡದ ಕೊಳವೆ ಸುಡ್ತಿದೆ, ರೇಡಿಯೇಟರ್ ತಣ್ಣಗಿದೆ.”

“ಉಸ್ತಾ ಚೆನ್ನಾಗಿ ಪಾಠ ಹೇಳಿದಾನೆ ನಿಮಗೆ. ನೀರು ಬಿಸಿಯಾಗ್ತಿದೆ, ಆದ್ರೆ ಮುಂದಕ್ಕೆ ಹೋಗ್ತಿಲ್ಲ. ಬಾಯ್ಲರು ಅತಿ ಬಿಸಿಯಾಗಿ ಹೆದರ್ಕೊಂಡು ನಿಲ್ಲುತ್ತೆ. ಪಂಪು ಹಿಡ್ಕೊಂಡಿದೆ.” ಅವನು ಕಸೂತಿ ಬಟ್ಟೆಯನ್ನು ಜೋಪಾನವಾಗಿ ಮಡಿಸಿ ಬದಿಗಿಟ್ಟು ಮುಂದಿನ ತಗಡನ್ನು ಕಳಚಿದ. ಟಾರ್ಚು ಬಿಟ್ಟು ಒಳಗೆ ನೋಡಿದ, ತುಂಬ ಹೊತ್ತು ನೋಡಿದ. ಆಮೇಲೆ ತಿರುಗಿ ಅವಳನ್ನು ನೋಡಿದ.

“ಇದು ಎಷ್ಟು ದಿನದಿಂದ ಉರಿದಿಲ್ಲ?”

“ಇವತ್ತು ಬೆಳಿಗ್ಗೆ...”

“ಅಕ್ಕ.” ನುಮಾನ್ ದನಿ ತಗ್ಗಿಸಿದ. “ಉರಿಯೋ ಜಾಗದಲ್ಲಿ ಜೇಡರ ಬಲೆ ಕಟ್ಟಿತ್ತು, ಅದರ ಬೂದಿ ಇನ್ನೂ ಇಲ್ಲೇ ಇದೆ. ಮೂರು ಚಳಿಗಾಲವಾದರೂ ಆಗಿದೆ. ಈ ಊರಿನ ಚಳೀಲಿ ಕೊಳವೆ ಒಡೆದು ಹೋಗಬೇಕಿತ್ತು. ಒಡೆದಿಲ್ಲ ಅಂದ್ರೆ...” ಅವನು ಕಾಲಿನಿಂದ ನೆಲವನ್ನು ಮೆಲ್ಲಗೆ ತಟ್ಟಿದ.

ಬೆಹಿಜೆ ಸಿಂಕಿನ ಅಂಚು ಹಿಡಿದು ನಿಂತಳು. ಬಾಗಿಲಿನ ಆಚೆ ಎಂಟು ಜನ ಹೆಂಗಸರು. ನುಮಾನ್ ಒಂದು ಮಾತು ಜೋರಾಗಿ ಆಡಿದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕೇರಿಗೆಲ್ಲ ಗೊತ್ತಾಗಿರುತ್ತಿತ್ತು.

ಅವನು ಪಂಪಿನ ನಡುವಿನ ದಪ್ಪ ಸ್ಕ್ರೂ ಬಿಚ್ಚಿ, ಒಳಗೆ ಕಾಣುವ ಕಡ್ಡಿಯ ಗೀರಿಗೆ ಸ್ಕ್ರೂಡ್ರೈವರ್ ಕೊಟ್ಟ. ತಿರುಗಿಸಲು ಹೋದವನು ತಡೆದು ನಿಂತ. “ಇಲ್ಲಿ ಬನ್ನಿ. ಈ ಗೀರು ನೋಡಿ. ಸುತ್ತ ಎಲ್ಲ ಕಿಲುಬು, ಇದೊಂದು ಮಾತ್ರ ಹೊಳೀತಿದೆ. ಯಾರೋ ಪ್ರತಿವರ್ಷ ಕೈಯಲ್ಲಿ ತಿರುಗಿಸಿ ಬಿಡಿಸಿದಾರೆ.”

ಕಳಚಿದ ತಗಡನ್ನು ಮಗುಚಿದ. ಒಳಮೈಗೆ ಒಂದು ಹಳದಿ ಚೀಟಿ ಅಂಟಿತ್ತು. ಉಸ್ತಾಗಳು ಬಂದು ಹೋದ ತಾರೀಖು ಬರೆದಿಡುವ ಚೀಟಿ. ರಿಫ್ಕಿಯ ಕೋಳಿಕಾಲು ಅಕ್ಷರದಲ್ಲಿ ಎರಡು ಅಕ್ಟೋಬರ್‌ಗಳು ಒಂದರ ಕೆಳಗೊಂದು. ಎರಡರ ಮುಂದೆಯೂ ಒಂದೇ ಮಾತು: ಪಂಪು ಬಿಡಿಸಿದೆ. ಪಂಪು ಬಿಡಿಸಿದೆ.

ಮೂರನೇ ಸಾಲು ಖಾಲಿ. ಈ ಅಕ್ಟೋಬರಿನಲ್ಲಿ ಅವನು ಹಾಸಿಗೆ ಹಿಡಿದಿದ್ದ.

“ಉರಿಯೋ ಬಾಯ್ಲರಿನ ಪಂಪನ್ನ ಯಾರೂ ಬಿಡಿಸಲ್ಲ ಅಕ್ಕ,” ಎಂದ ನುಮಾನ್. “ಸುಮ್ಮನೆ ನಿಂತಿರೋದು ಮಾತ್ರ ಹಿಡ್ಕೊಳ್ಳೋದು. ಅವನಿಗೆ ಮೊದಲ ವರ್ಷದಿಂದಲೇ ಗೊತ್ತಿತ್ತು.”

*

ಪ್ರತಿ ಅಕ್ಟೋಬರಿನಲ್ಲಿ ಉಸ್ತಾ ಕಟ್ಟಡದ ಎಲ್ಲ ಮನೆಗಳ ಬಾಯ್ಲರ್ ನೋಡಿ ಹೋಗುತ್ತಿದ್ದ. ನೆರೆಯವರ ಕೆಲಸ, ಒಂದು ಚಹಾದ ಮೇಲೆ ಏನನ್ನೂ ಮುಟ್ಟುತ್ತಿರಲಿಲ್ಲ. ಬೆಹಿಜೆಯ ಮನೆಗೆ ಕೊನೆಗೆ ಬರುತ್ತಿದ್ದ. ಅವನು ಬರುವ ದಿನ ಅವಳು ಬಾಯ್ಲರಿನ ಹೊರಮೈಯನ್ನು ಫಳಫಳ ಒರೆಸಿರುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅವನು ಒಳಗೆ ಕೈ ಹಾಕಿದಷ್ಟು ಹೊತ್ತೂ ಅವಳು ಬೆನ್ನು ತಿರುಗಿಸಿ ಇದ್ದಬದ್ದ ಗ್ಲಾಸುಗಳನ್ನೆಲ್ಲ ತೊಳೆಯುತ್ತಿದ್ದಳು.

“ಚೆನ್ನಾಗಿ ಉರೀತಿದೆಯಾ ತಂಗಿ?” ಎಂದು ತಗಡು ಮುಚ್ಚುತ್ತ ಕೇಳುತ್ತಿದ್ದ.

“ದೇವರ ದಯೆ ಉಸ್ತಾ, ಬೆಂಕಿಯ ಹಾಗೆ ಉರೀತಿದೆ.”

“ಉರೀಲಿ, ಉರೀಲಿ.” ಚಹಾ ಹೀರುತ್ತ ಹಜಾರ, ಹಿಂದಿನ ಮಲಗುವ ಕೋಣೆ ಎಲ್ಲವನ್ನೂ ಒಮ್ಮೆ ನೋಡುತ್ತಿದ್ದ. ಒಂದು ಸಲ ಕೇಳಿದ್ದ, “ನೀನು ಮಲಗೋದು ಆ ಹಿಂದಿನ ಕೋಣೇಲೇ ತಾನೇ?”

“ಹೂಂ. ಯಾಕೆ?”

“ಬಡಗಣ ಗೋಡೆ. ಅಲ್ಲಿಗೆ ಚಳಿ ಜಾಸ್ತಿ. ಅದಕ್ಕೆ ಕೇಳಿದೆ.”

*

ನುಮಾನ್ ಸ್ಕ್ರೂಡ್ರೈವರನ್ನು ಒತ್ತಿ ತಿರುಗಿಸಿದ. ಕಡ್ಡಿ ಕಿರುಗುಟ್ಟಿತು, ಮೊಂಡು ಹಿಡಿಯಿತು, ಕಡೆಗೆ ಸೋತು ತಿರುಗಿತು. ಗುಂಡಿ ಒತ್ತಿದ. ನೀಲಿ ಉರಿ ಬಂತು. ಬೆಹಿಜೆ ಇಪ್ಪತ್ತು ಎಣಿಸಿದಳು, ಮೂವತ್ತು ಎಣಿಸಿದಳು. ಹಜಾರದಿಂದ ದೋಂದು ಅತ್ತೆಯ ಕೂಗು ಬಂತು, “ಬಂತವ್ವಾ ಬಂತು! ಕಬ್ಬಿಣ ಬೆಚ್ಚಗಾಯ್ತು! ಏನಾಗಿತ್ತೋ ನುಮಾನ್?”

ನುಮಾನ್ ಕೈ ಒರೆಸಿಕೊಳ್ಳುತ್ತ ಬಾಗಿಲು ತೆರೆದ. “ಧೂಳು ಕೂತಿತ್ತು ಅತ್ತೆ. ಬರೀ ಧೂಳು. ಒರೆಸಿದೆ, ಸರಿಹೋಯ್ತು. ಏನೂ ಬದಲಿಸೋದು ಬೇಡ.”

ಕೊನೆಯ ಮಾತು ಆಡುತ್ತ ಸ್ಕ್ರೂಡ್ರೈವರನ್ನು ಕೋಟಿನ ಒಳಜೇಬಿಗೆ ಸೇರಿಸಿದ. ಅವನು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ಹನ್ನೊಂದು ಗಂಟೆಗೆ ಶವದ ಗಾಡಿ ಕಟ್ಟಡದ ಮುಂದೆ ಬಂದು ನಿಂತಿತು. ನಮಾಜಿಗಾಗಿ ಮಸೀದಿಗೆ ಮರಳಿ ಒಯ್ಯುವ ಮುನ್ನ ಸತ್ತವನನ್ನು ಅವನ ಬಾಗಿಲಿಗೆ ಒಮ್ಮೆ ತರುವುದು ವಾಡಿಕೆ. ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಯನ್ನು ಎರಡು ಸ್ಟೂಲುಗಳ ಮೇಲಿಟ್ಟರು. ಹೆಂಗಸರೆಲ್ಲ ಕೆಳಗಿಳಿದು ಗೋಡೆಯ ಪಕ್ಕ ನಿಂತರು. ಎಲ್ಲರಿಗಿಂತ ಮುಂದೆ ಗುಲಿಜಾರ್, ಗಂಡನ ಹಳೆಯ ಉಣ್ಣೆ ಸ್ವೆಟರನ್ನು ಕೋಟಿನೊಳಗೆ ತೊಟ್ಟು ನಿಂತಿದ್ದಳು. ಹಿಮ ಸಣ್ಣಗೆ ಉದುರುತ್ತಿತ್ತು.

ಇಮಾಮ್ ಕೇಳಿದರು, “ಈ ಮನುಷ್ಯ ನಿಮ್ಮ ಲೆಕ್ಕದಲ್ಲಿ ಎಂಥವನು?”

“ಒಳ್ಳೆಯವನು!” ಎಂದರು ಎಲ್ಲರೂ.

“ಇವನ ಮೇಲೆ ನಿಮಗೇನಾದರೂ ಹಕ್ಕು ಇದ್ದರೆ, ಇವನಿಂದ ನಿಮಗೆ ಬರಬೇಕಾದ್ದು ಇದ್ದರೆ, ಮನಸಾರೆ ಬಿಟ್ಟುಕೊಟ್ಟಿರಾ? ಹಲಾಲ್ ಮಾಡಿದಿರಾ?”

“ಹಲಾಲಾಗಲಿ!”

ಮೂರು ಸಲ ಕೇಳಬೇಕು, ಮೂರು ಸಲ ಹೇಳಬೇಕು. ಎರಡನೇ ಸಲ ಎಲ್ಲರಿಗಿಂತ ಜೋರಾಗಿ ಕೂಗಿದವನು ನುಮಾನ್. ಮೂರನೇ ಸಲ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತ.

ಬೆಹಿಜೆ ಮೂರು ಸಲವೂ ಬಾಯಿ ತೆರೆಯಲಿಲ್ಲ. ಅವಳಿಗೆ ಅವನಿಂದ ಬರಬೇಕಾದದ್ದು ಏನಿತ್ತು? ಬಿಡಬೇಕಾದವನು ಪೆಟ್ಟಿಗೆಯೊಳಗೆ ಮಲಗಿದ್ದ. ಅವನನ್ನು ಕೇಳುವವರು ಯಾರೂ ಇರಲಿಲ್ಲ. ಇನ್ನೊಂದು ಗಳಿಗೆಯಲ್ಲಿ ಗಾಡಿ ಹೊರಡುತ್ತದೆ, ಆಮೇಲೆ ಮಣ್ಣು. ಗಂಡಸರು ಪೆಟ್ಟಿಗೆಗೆ ಹೆಗಲು ಕೊಟ್ಟದ್ದೇ ತಡ, ಅವಳು ಎರಡು ಹೆಜ್ಜೆ ಮುಂದೆ ಬಂದುಬಿಟ್ಟಳು.

“ರಿಫ್ಕಿ ಉಸ್ತಾ! ನೀವೂ ನನಗೆ ಹಲಾಲ್ ಮಾಡಿ ಹೋಗಿ! ನಿಮ್ಮ ಹಕ್ಕು ನನ್ನ ಮೇಲಿದೆ. ಬಿಟ್ಟುಕೊಡಿ ಉಸ್ತಾ!”

ಹೆಗಲು ಕೊಟ್ಟವರು ನಿಂತರು. ಬೆದ್ರಿ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಇಮಾಮ್, “ದೇವರು ಒಪ್ಪಿಕೊಳ್ಳಲಿ,” ಎಂದು ಮುಂದೆ ನಡೆದರು. ಮದುವೆಯಾಗದ ಹೆಂಗಸು ಸತ್ತ ಗಂಡಸಿನ ಪೆಟ್ಟಿಗೆಯ ಮುಂದೆ ನಿಂತು ಎಲ್ಲರೆದುರು ಕ್ಷಮೆ ಕೇಳಿದರೆ ಜನ ಏನು ಅಂದುಕೊಳ್ಳುತ್ತಾರೋ ಅದನ್ನೇ ಗೋಡೆಯ ಪಕ್ಕದ ಹೆಂಗಸರು ಅಂದುಕೊಳ್ಳತೊಡಗಿದ್ದರು. ಗುಲಿಜಾರ್ ತಿರುಗಿ ನೋಡಿದಳು. ಆ ನೋಟವನ್ನು ಬೆಹಿಜೆ ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ.

*

ಗಂಡಸರು ಮಣ್ಣಿಗೆ ಹೋದರು. ಹೆಂಗಸರು ಗುಲಿಜಾರಳ ಮನೆಗೆ ಹತ್ತಿ ಬಂದು ಹಲ್ವ ಹುರಿಯಲು ನಿಂತರು. ಸಾವಿನ ಮನೆಯಲ್ಲಿ ಆ ದಿನ ಹತ್ತುವ ಬೆಂಕಿ ಅದೊಂದೇ. ಹಿಟ್ಟು ಬೆಣ್ಣೆಯಲ್ಲಿ ಕೆಂಪಾಗುವವರೆಗೂ ಕೈ ನಿಲ್ಲಿಸಬಾರದು, ಸುಸ್ತಾದವರು ಮರದ ಚಮಚವನ್ನು ಮುಂದಿನವರಿಗೆ ಕೊಡಬೇಕು, ತಿರುಗಿಸುವಷ್ಟು ಹೊತ್ತು ಸತ್ತವರಿಗಾಗಿ ಬೇಡಿಕೊಳ್ಳಬೇಕು. ಗುಲಿಜಾರ್ ಚಮಚವನ್ನು ಯಾರಿಗೂ ಕೊಟ್ಟಿರಲಿಲ್ಲ.

ಬೆಹಿಜೆ ಬಾಗಿಲಲ್ಲಿ ನಿಂತಳು. ಹೆಂಗಸರ ಗುಸುಗುಸು ತಟ್ಟನೆ ನಿಂತಿತು.

“ಬಾ,” ಎಂದಳು ಗುಲಿಜಾರ್, ತಿರುಗಿ ನೋಡದೆ. “ಎಲ್ಲರೂ ಇದ್ದಾರೆ. ನನ್ನ ಗಂಡನ ಯಾವ ಹಕ್ಕು ನಿನ್ನ ಹತ್ರ ಇತ್ತು, ಹೇಳು.”

“ಏನವ್ವಾ ಮಾಡಿದ್ದೆ?” ಎಂದಳು ದೋಂದು ಅತ್ತೆ, ಕಣ್ಣು ಕಿರಿದು ಮಾಡಿ.

ಒಂದು ಮೊಟ್ಟೆಗೆ ಎರಡು ಮೊಟ್ಟೆ ತಿರುಗಿ ಕೊಟ್ಟ ಹೆಂಗಸು ಎಂಟು ಜನರ ಮುಂದೆ ತಲೆ ತಗ್ಗಿಸಿ ನಿಂತಳು. “ನಾನು ಬಾಯ್ಲರ್ ಹಚ್ತಿರಲಿಲ್ಲ,” ಎಂದಳು. “ಮೂರು ವರ್ಷ. ಒಂದು ದಿನಾನೂ ಹಚ್ಚಲಿಲ್ಲ. ನಿಮ್ಮನೆ ಶಾಖದಲ್ಲೇ ಇದ್ದೆ. ಉಸ್ತಾ ಕೇಳಿದಾಗೆಲ್ಲ ಉರೀತಿದೆ ಅಂತ ಸುಳ್ಳು ಹೇಳಿದೆ. ನಿಮಗೂ ಹೇಳಿದೆ. ಮೇಷ್ಟ್ರನ್ನ ಎಲ್ಲರೆದುರು ಬೈದೆ. ಉಸ್ತಾಗೆ ಗೊತ್ತಿತ್ತು ಅಂತ ಇವತ್ತು ಗೊತ್ತಾಯ್ತು.”

ಹೆಂಗಸರ ಮುಖದ ಬಿಗಿ ಸಡಿಲಿತು. “ಅಷ್ಟೇನಾ!” ಎಂದು ದೋಂದು ಅತ್ತೆ ನಿಟ್ಟುಸಿರು ಬಿಟ್ಟಳು. ಅದರಲ್ಲಿ ಸ್ವಲ್ಪ ನಿರಾಶೆಯೂ ಇತ್ತೆಂದರೆ ತಪ್ಪಲ್ಲ.

ಗುಲಿಜಾರಳ ಕೈ ಮಾತ್ರ ನಿಂತುಹೋಯಿತು.

“ನೀನು ಮಲಗೋದು ಹಿಂದಿನ ಕೋಣೇಲಿ,” ಎಂದಳು.

“ಹೂಂ.”

“ನಮ್ಮ ಹಿಂದಿನ ಕೋಣೇಲಿ ಯಾರೂ ಮಲಗಲ್ಲ. ಉಪ್ಪಿನಕಾಯಿ ಜಾಡಿ, ಹಳೇ ಹಾಸಿಗೆ, ಅಷ್ಟೇ ಇರೋದು. ಆ ಮನುಷ್ಯ ಅಲ್ಲಿ ರೇಡಿಯೇಟರಿನ ವಾಲ್ವನ್ನ ಪೂರ್ತಿ ತೆರೆದಿಡ್ತಿದ್ದ. ಮೂರು ವರ್ಷ! ಉಪ್ಪಿನಕಾಯಿ ಹಾಳಾಯ್ತು. ಜಾಡಿಗೆ ಹಮಾಮಿನ ಹಬೆಸ್ನಾನ ಮಾಡಿಸ್ತಿದೀಯಾ, ದುಂದುಗಾರ ಅಂತ ಬೈದೆ. ಕೊಳವೆ ಹೆಪ್ಪುಗಟ್ಟುತ್ತೆ ಕಣೇ ಅಂತಿದ್ದ. ನಂಬಿದೆ. ಅವನೇ ಉಸ್ತಾ, ನನಗೇನು ಗೊತ್ತು!” ಅವಳ ದನಿ ಏರಿತು. “ಆಸ್ಪತ್ರೆಗೆ ಹೊರಟ ದಿನ ಬಾಯ್ಲರ್ ತಗ್ಗಿಸಿ ಆ ವಾಲ್ವನ್ನೂ ಮುಚ್ಚಿಬಿಟ್ಟೆ.”

ಹತ್ತು ದಿನ, ಎಂದುಕೊಂಡಳು ಬೆಹಿಜೆ. ಅವಳ ಮಲಗುವ ಕೋಣೆ ಹೆಪ್ಪುಗಟ್ಟಿದ್ದು ಸರಿಯಾಗಿ ಆ ದಿನದಿಂದ.

“ಕೊನೇಗೆ ಉಸಿರೇ ಸರಿಯಾಗಿ ಆಡ್ತಿರಲಿಲ್ಲ. ನನ್ನ ಕೈ ಹಿಡ್ಕೊಂಡು ಅಂದ, ಗುಲಿ, ಹಿಂದಿನ ಕೋಣೆ ವಾಲ್ವ್ ಮುಚ್ಚಬೇಡ. ಜ್ವರದ ಬಡಬಡಿಕೆ ಅಂದ್ಕೊಂಡೆ. ಮುಚ್ಚಿಲ್ಲ ಅಂತ ಸುಳ್ಳು ಹೇಳಿದೆ. ನಾನು ಅವನಿಗೆ ಹೇಳಿದ ಕೊನೇ ಮಾತು ಅದೇ ಬೆಹಿಜೆ. ಸುಳ್ಳು. ನೀನು ಮೂರು ವರ್ಷದಲ್ಲಿ ಒಂದು ಸಲ, ಬರೀ ಒಂದು ಸಲ ನನ್ನ ಕಿವೀಲಿ ಹೇಳಿದ್ರೆ ನಾನು ಬೇಡ ಅಂತಿದ್ನಾ?”

ಬಾಣಲೆಯಿಂದ ಕರಕಲು ವಾಸನೆ ಎದ್ದಿತು. ಯಾರೋ ಮುಂದೆ ಬಂದು ಚಮಚ ಕಸಿದುಕೊಂಡು ತಿರುಗಿಸತೊಡಗಿದರು.

“ಉಸ್ತಾ ಇಲ್ಲ, ಈಗ ಆ ಹಕ್ಕು ನಿನ್ನದು,” ಎಂದಳು ಬೆಹಿಜೆ. “ನೀನಾದರೂ ಹಲಾಲ್ ಮಾಡು ಗುಲಿಜಾರ್.”

ಗುಲಿಜಾರ್ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಆ ತೋಳು ಅವಳ ಕೈಗಿಂತ ಒಂದು ಗೇಣು ಉದ್ದವಿತ್ತು.

“ಇವತ್ತು ಆಗಲ್ಲ,” ಎಂದಳು. “ನನ್ನ ಕೈಲಿ ಆಗಲ್ಲ. ಹೋಗು.”

*

ಕತ್ತಲಾಗುವ ಹೊತ್ತಿಗೆ ದೋಂದು ಅತ್ತೆ ಮತ್ತು ಊರ ಹೆಂಗಸರು ಹಲ್ವದ ಪೊಟ್ಟಣ ಹಿಡಿದು ಮಿನಿಬಸ್ಸು ಹತ್ತಿದರು. “ಮನಸ್ಸಿಗೆ ಹಚ್ಕೋಬೇಡ ಕಣವ್ವ,” ಎಂದಳು ಮುದುಕಿ, ಬೆಹಿಜೆಯ ಕೆನ್ನೆ ತಟ್ಟಿ. “ನನ್ನ ತಮ್ಮ ಸಣ್ಣೋನಿದ್ದಾಗ್ಲೂ ಹಂಗೇ. ನಮ್ಮ ಒಲೆ ಕೆಂಡ ಕದ್ದು ಪಕ್ಕದ ಮುದುಕಿಗೆ ಕೊಟ್ಟು ಬತ್ತಿದ್ದ. ನಮ್ಮಪ್ಪ ಬಾರ್ಸಿದ್ರೂ ಯಾರಿಗೆ ಕೊಟ್ಟೆ ಅಂತ ಹೇಳ್ತಿರ್ಲಿಲ್ಲ.”

ಬೆಹಿಜೆ ಗ್ಲಾಸುಗಳನ್ನು ತೊಳೆದಿಟ್ಟು ಹಿಂದಿನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಅಡುಗೆಮನೆಯಲ್ಲಿ ಬಾಯ್ಲರ್ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಗೋಡೆಯ ರೇಡಿಯೇಟರ್ ಮುಟ್ಟಿದರೆ ಹಿತವಾದ ಬಿಸಿ. ಮೂರು ವರ್ಷದಲ್ಲಿ ಮೊದಲ ಸಲ ತನ್ನದೇ ಉರಿಯಲ್ಲಿ ಕೂತಿದ್ದಳು. ಆದರೂ ಅಂಗಾಲು ಕೊರೆಯುತ್ತಿತ್ತು. ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದರೂ ನೆಲದ ಚಳಿ ಮೇಲೆ ಹತ್ತಿ ಬರುತ್ತಿತ್ತು. ಅವಳು ಅತ್ತಳು. ಉಸ್ತಾಗಾಗಿ ಅತ್ತಳು, ಸಭೆಯ ದಿನ ಚಹಾದಲ್ಲಿ ಅವನು ಅಷ್ಟು ಹೊತ್ತು ತಿರುಗಿಸಿದ ಆ ಚಮಚಕ್ಕಾಗಿ ಅತ್ತಳು.

ಆಗ ಕೆಳಗೆ ಯಾರೋ ಹಿಂದಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು.

ಬೆಹಿಜೆ ಕಿವಿಗೊಟ್ಟಳು. ಜಾಡಿಯೊಂದು ನೆಲದ ಮೇಲೆ ಸರಿಯಿತು, ಇನ್ನೊಂದು ಸರಿಯಿತು. ಆಮೇಲೆ ಕಿರ್ ಎಂದು ಬಿಗಿದ ವಾಲ್ವ್ ಒಮ್ಮೆ ಕೂಗಿತು, ಮತ್ತೊಮ್ಮೆ ಕೂಗಿತು. ತಣ್ಣನೆಯ ಕಬ್ಬಿಣದೊಳಕ್ಕೆ ಬಿಸಿನೀರು ಸುಂಯ್ಯೆಂದು ನುಗ್ಗಿತು. ಬಿಸಿಗೆ ಹಿಗ್ಗುವ 'ಟಕ್, ಟಕ್' ಸದ್ದು ಕೆಳಗಿನ ರೇಡಿಯೇಟರಿನಿಂದ ಸ್ಪಷ್ಟವಾಗಿ ಕೇಳಿತು.

ಅವಳು ಎದ್ದು ನಿಂತಳು. ಹಿಮ್ಮಡಿ ಎತ್ತಿ, ಹೆದರುತ್ತ ಹೆದರುತ್ತ, ನೆಲಕ್ಕೆ ಎರಡು ಸಲ ಬಡಿದಳು.

ಕೆಳಗೆ ಸದ್ದಿಲ್ಲ. ಗೋಡೆ ಗಡಿಯಾರ ಮಾತ್ರ ನಡೆಯುತ್ತಿತ್ತು. ಕೆಳಗಿನವಳು ಹೊರಟುಹೋದಳೇನೋ ಅನ್ನುವಷ್ಟು ಹೊತ್ತಾಯಿತು. ಆಮೇಲೆ ಸರಿಯಾಗಿ ಅವಳ ಕಾಲಡಿಯಲ್ಲೇ, ಪೊರಕೆ ಹಿಡಿ ಎರಡು ಸಲ ಕುಟ್ಟಿತು.

ಬೆಹಿಜೆ ಮಂಚದ ಅಂಚಿನಲ್ಲಿ ಕೂತು ಒಂದು ಜೊತೆ ಕಾಲುಚೀಲ ಬಿಚ್ಚಿದಳು, ಇನ್ನೊಂದು ಜೊತೆಯನ್ನೂ ಬಿಚ್ಚಿದಳು. ಬರಿಗಾಲನ್ನು ನೆಲದ ಮೇಲಿಟ್ಟು, ಅದು ಬೆಚ್ಚಗಾಗುವವರೆಗೂ ಹಾಗೇ ಕೂತಿದ್ದು, ಆಮೇಲೆ ಚಹಾಕ್ಕೆ ನೀರಿಡಲು ಎದ್ದಳು. ಎರಡು ಗ್ಲಾಸು ತೆಗೆದಿಟ್ಟಳು.